ಹಾರದ ವಿಮಾನ: 347 ಕಾಗದದ ತುಂಡುಗಳ ಹಿಂದಿನ ಕತೆ

ಹೋದ ಬೇಸಿಗೆ ರಜೆಯಲ್ಲಿ ಗೌಡಗೆರೆಯ ನಮ್ಮ ಮನೆಯ ಜಗಲಿಯಲ್ಲಿ ನಡೆದ ಮಾತಿದು. ಏಳನೇ ಕ್ಲಾಸಿನ ಅಕ್ಕನ ಮಗ ಎರಡು ದಿನದಿಂದ ಕೂತು ಸಣ್ಣ ಸಣ್ಣ ಕಾಗದ ಮಡಚುತ್ತಿದ್ದ. ಪಕ್ಕದಲ್ಲಿ ಅಜ್ಜಿ ಬಿತ್ತನೆಗೆ ಕಡ್ಲೆಕಾಯಿ ಸುಲಿಯುತ್ತಿದ್ದರು. ಮೊರದಲ್ಲಿ ಕಡ್ಲೆಬೀಜದ ಗುಡ್ಡೆ, ಇತ್ತ ಚಾಪೆಯ ಮೇಲೆ ಕಾಗದದ ತ್ರಿಕೋನಗಳ ಗುಡ್ಡೆ.

"ಏನ್ಲಾ ಮಗಾ ಅದು?"

"ವಿಮಾನ ಅಜ್ಜಿ."

"ಹಾರ್ತೈತಾ?"

"ಇಲ್ಲ, ಇದು ಹಾರಲ್ಲ."

"ಹಾರ್ದೇ ಇರೋದಕ್ಕೆ ಎರಡು ದಿನ ಯಾಕ್ಲಾ?"

ಹುಡುಗನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಒಂದೇ ಹಾಳೆ ಮಡಚಿ ಎಸೆದರೆ ಹಾರುವ ವಿಮಾನ ನಮಗೆಲ್ಲ ಗೊತ್ತು. ಶಾಲೆಯಲ್ಲಿ ಮೇಷ್ಟ್ರು ಬೋರ್ಡಿನ ಕಡೆ ತಿರುಗಿದಾಗ ಅದನ್ನು ಹಾರಿಸಿ ಏಟು ತಿಂದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೇವೆ. ಆದರೆ ನೂರಾರು ಸಣ್ಣ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಮಾಡುವ, ಕೊನೆಗೂ ಹಾರದ ಈ ವಿಮಾನ ಎಲ್ಲಿಂದ ಬಂತು? ಯಾರು ಕಲಿಸಿದರು? ಅಜ್ಜಿಯ ಪ್ರಶ್ನೆ ಹಿಡಿದು ಹೊರಟರೆ ಅದು ಜಪಾನಿಗೂ ಹೋಗುತ್ತದೆ, ಅಮೆರಿಕದ ಒಂದು ಜೈಲಿಗೂ ಹೋಗುತ್ತದೆ. ಅಚ್ಚರಿ ಎಂದರೆ, ನಮ್ಮದೇ ಶಾನುಭೋಗರ ಪೆಟ್ಟಿಗೆಗೂ ಗುಬ್ಬಿ ತಾಲ್ಲೂಕಿನ ಕಾರ್ಖಾನೆಗೂ ಬರುತ್ತದೆ.

ಮೊದಲು, ಇದನ್ನು ಮಾಡೋದು ಹೇಗೆ

ಕಾಗದ ಮಡಚುವ ಕಲೆಗೆ ಜಪಾನಿ ಭಾಷೆಯಲ್ಲಿ ಒರಿಗಾಮಿ ಅನ್ನುತ್ತಾರೆ. ಒರಿ ಅಂದರೆ ಮಡಚುವುದು, ಕಾಮಿ ಅಂದರೆ ಕಾಗದ. ಒಂದೇ ಹಾಳೆಯಲ್ಲಿ ಕೊಕ್ಕರೆ, ದೋಣಿ, ಕಪ್ಪೆ ಮಾಡುವುದು ಸಾಮಾನ್ಯ ಒರಿಗಾಮಿ. ಒಂದೇ ನಮೂನೆಯ ಹಲವು ತುಂಡು ಮಡಚಿ, ಒಂದರ ಜೇಬಿಗೆ ಇನ್ನೊಂದರ ತುದಿ ಸಿಕ್ಕಿಸಿ ದೊಡ್ಡದೊಂದನ್ನು ಕಟ್ಟಿದರೆ ಅದು ಮಾಡ್ಯುಲರ್ ಒರಿಗಾಮಿ. ಬಿಡಿ ತುಂಡುಗಳ ಕಟ್ಟಡ ಅಂತ ತಿಳಿದುಕೊಳ್ಳಿ.

ಹುಡುಗ ಜೆರಾಕ್ಸ್ ಅಂಗಡಿಯಿಂದ ಒಂದು ಕಡೆ ಪ್ರಿಂಟಾಗಿ ಹಾಳಾಗಿದ್ದ ಎ4 ಹಾಳೆ ತಂದಿದ್ದ. ಒಂದು ಹಾಳೆಯನ್ನು ಅರ್ಧ, ಅದರ ಅರ್ಧ ಅಂತ ಐದು ಸಲ ಮಾಡಿದರೆ 32 ತುಂಡು. ಒಂದೊಂದು ತುಂಡು ಸುಮಾರು 5.2 ಸೆಂಟಿಮೀಟರ್ ಉದ್ದ, 3.7 ಸೆಂಟಿಮೀಟರ್ ಅಗಲ.

ತುಂಡನ್ನು ಉದ್ದುದ್ದಕ್ಕೆ ಎರಡಾಗಿ ಮಡಚಬೇಕು. ಈಗ ಅದೊಂದು ಪಟ್ಟಿ. ಅದರ ನಡುವೆ ಒಂದು ಗುರುತು ಮಾಡಿ ಬಿಚ್ಚಬೇಕು. ಮಡಚಿದ ಅಂಚು ಮೇಲಿರಲಿ. ಎಡ ಬಲದ ಎರಡೂ ತೋಳನ್ನು ಆ ನಡುಗುರುತಿಗೆ ಸರಿಯಾಗಿ ಕೆಳಕ್ಕೆ ಇಳಿಸಿದರೆ ಮನೆಯ ಮಾಡಿನಂತೆ ಕಾಣುತ್ತದೆ, ಕೆಳಗೆ ಎರಡು ಬಾಲ ಇಳಿಬಿದ್ದಿರುತ್ತವೆ. ತಿರುಗಿಸಿ ಹಾಕಿ, ಬಾಲಗಳ ಹೊರ ಮೂಲೆಗಳನ್ನು ಒಳಕ್ಕೆ ಮಡಚಿ, ಬಾಲಗಳನ್ನು ಮೇಲಕ್ಕೆ ಏರಿಸಿದರೆ ತ್ರಿಕೋನ. ಕೊನೆಗೆ ಅದನ್ನು ನಡುವೆ ಎರಡಾಗಿ ಮಡಚಿದರೆ ತುಂಡು ತಯಾರು.

ಹೀಗೆ ತಯಾರಾದ ತುಂಡಿಗೆ ಎರಡು ಕೊಂಬು, ಎರಡು ಜೇಬು. ಒಂದು ಸಾಲಿನಲ್ಲಿ ಅಕ್ಕಪಕ್ಕ ನಿಂತ ಎರಡು ತುಂಡುಗಳ ಒಂದೊಂದು ಕೊಂಬು ಮೇಲಿನ ಸಾಲಿನ ಒಂದು ತುಂಡಿನ ಎರಡು ಜೇಬಿಗೆ ಹೋಗುತ್ತದೆ. ಇಟ್ಟಿಗೆ ಗೋಡೆ ಕಟ್ಟುವ ಗಾರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಳಗಿನ ಎರಡು ಇಟ್ಟಿಗೆಯ ಸಂದಿಯ ಮೇಲೆ ಮೇಲಿನ ಇಟ್ಟಿಗೆ ಕೂರುವ ಹಾಗೆಯೇ ಇದೂ. ಆದರೆ ಇಲ್ಲಿ ಸಿಮೆಂಟಿಲ್ಲ. ಕಾಗದದ ಬಿಗಿ, ಉಜ್ಜಾಟ ಇಷ್ಟೇ ಹಿಡಿದುಕೊಳ್ಳುವುದು.

ಇನ್ನು ಲೆಕ್ಕ. ವಿಮಾನದ ಹೊಟ್ಟೆಗೆ 16 ತುಂಡಿನ ಬಳೆ, ಅಂಥವು ಒಂದರ ಮೇಲೊಂದು 12: ಒಟ್ಟು 192. ರೆಕ್ಕೆ ಬುಡದಲ್ಲಿ ಅಗಲ, ತುದಿಯಲ್ಲಿ ಚೂಪು. ಬುಡದ ಸಾಲಿಗೆ 10 ತುಂಡು, ಮುಂದಿನದಕ್ಕೆ 9, ಆಮೇಲೆ 8, ಹೀಗೆ ಒಂದಕ್ಕೆ ಬಂದು ನಿಲ್ಲುತ್ತದೆ. ಒಂದು ರೆಕ್ಕೆಗೆ 55, ಎರಡಕ್ಕೆ 110. ಬಾಲದ ಮೂರು ಸಣ್ಣ ರೆಕ್ಕೆಗೆ 5ರಿಂದ 1ರವರೆಗೆ, ತಲಾ 15ರಂತೆ 45. ಕೂಡಿಸಿದರೆ 347. ಹನ್ನೊಂದು ಹಾಳೆ ಸಾಕು, ಐದು ತುಂಡು ಮಿಗುತ್ತದೆ. ಒಂದು ತುಂಡಿಗೆ ಒಂದು ನಿಮಿಷ ಹಿಡಿದರೂ ಮಡಚುವುದಕ್ಕೇ ಸುಮಾರು ಆರು ಗಂಟೆ. ರೆಕ್ಕೆ ಹೊಟ್ಟೆಗೆ ಸೇರುವ ಜಾಗದಲ್ಲಿ ಮಾತ್ರ ಬಹಳ ಜನ ಒಂದು ತೊಟ್ಟು ಅಂಟು ಹಾಕುತ್ತಾರೆ, ಇಲ್ಲದಿದ್ದರೆ ಎತ್ತಿದಾಗ ರೆಕ್ಕೆ ಕಳಚುತ್ತದೆ.

ಇದು ಯಾಕೆ ಹಾರುವುದಿಲ್ಲ ಅನ್ನುವುದೂ ಈ ಲೆಕ್ಕದಲ್ಲೇ ಇದೆ. ಮಾಮೂಲಿ ಎ4 ಹಾಳೆಯ ತೂಕ 5 ಗ್ರಾಂ. ಅದನ್ನೇ ಮಡಚಿ ಎಸೆದರೆ ರೆಕ್ಕೆಯ ಅಗಲಕ್ಕೆ ಹೋಲಿಸಿದರೆ ಭಾರ ಕಡಿಮೆ, ಗಾಳಿ ಹೊತ್ತುಕೊಳ್ಳುತ್ತದೆ. ನಮ್ಮ 347 ತುಂಡಿನ ವಿಮಾನದ ತೂಕ ಸುಮಾರು 54 ಗ್ರಾಂ, ಅದೂ ಚಿಕ್ಕ ಜಾಗದಲ್ಲಿ ಇಡುಕಿರಿದದ್ದು. ಜೊತೆಗೆ ಮೈಯೆಲ್ಲ ಮುಳ್ಳು ಮುಳ್ಳು. ಗಾಳಿ ಜಾರಿ ಹೋಗುವುದಿಲ್ಲ, ತಡೆಯುತ್ತದೆ.

ಎ4 ಹಾಳೆಯ ಗುಟ್ಟು

ಮೊದಲ ದಿನ ಹುಡುಗ ಹಳೇ ನೋಟ್‌ಬುಕ್ಕಿನ ಹಾಳೆಯಲ್ಲಿ ಮಾಡಲು ಹೋಗಿ ಕೆಟ್ಟಿದ್ದ. ಒಂದು ಪುಸ್ತಕದ ತುಂಡು ಇನ್ನೊಂದು ಪುಸ್ತಕದ ತುಂಡಿಗೆ ಹೊಂದುತ್ತಿರಲಿಲ್ಲ. ಎ4ನಲ್ಲಿ ಆ ತೊಂದರೆ ಇಲ್ಲ. ಅದನ್ನು ಎಷ್ಟು ಸಲ ಅರ್ಧ ಮಾಡಿದರೂ ಉದ್ದ ಅಗಲದ ಹೊಂದಾಣಿಕೆ ಬದಲಾಗುವುದಿಲ್ಲ. ಅಗಲ 1 ಇದ್ದರೆ ಉದ್ದ ಯಾವಾಗಲೂ ಸುಮಾರು 1.41. ದೊಡ್ಡದಕ್ಕೂ ಸಣ್ಣದಕ್ಕೂ ಆಕಾರ ಒಂದೇ.

ಇಂಥ ಒಂದು ಹಾಳೆ ಸಾಧ್ಯ ಅಂತ ಜರ್ಮನಿಯ ವಿಜ್ಞಾನಿ ಲಿಕ್ಟೆನ್‌ಬರ್ಗ್ 1786ರಲ್ಲೇ ಗೆಳೆಯನಿಗೆ ಪತ್ರ ಬರೆದಿದ್ದರು. 1922ರಲ್ಲಿ ಜರ್ಮನಿ ಅದನ್ನು ದೇಶದ ಅಳತೆಯಾಗಿ ಮಾಡಿಕೊಂಡಿತು. ಇಂದು ನಾಡಕಚೇರಿಯಲ್ಲಿ ಪಹಣಿ ಪ್ರಿಂಟಾಗಿ ಬರುವುದೂ ಅದೇ ಅಳತೆಯ ಹಾಳೆಯಲ್ಲಿ.

ನಮ್ಮಲ್ಲೂ ಇತ್ತು ಸಮ ಮಡಿಕೆ

ಮಡಚುವುದು ಹೊರಗಿನಿಂದ ಬಂದ ಕಸುಬು ಅಂದುಕೊಂಡರೆ ತಪ್ಪು. ತಾಲ್ಲೂಕು ಆಫೀಸಿಗೆ ಹೋದಾಗ "ನಿಮ್ಮ ಕಡತ ಮೇಲಕ್ಕೆ ಹೋಗಿದೆ" ಅನ್ನುತ್ತಾರಲ್ಲ, ಆ ಕಡತ ಅನ್ನುವ ಮಾತು ಮೊದಲು ಫೈಲಿಗೆ ಇದ್ದದ್ದಲ್ಲ. ಅದು ಮಡಚಿದ ಬಟ್ಟೆಯ ಪುಸ್ತಕಕ್ಕೆ ಇದ್ದ ಹೆಸರು.

ಹತ್ತಿ ಬಟ್ಟೆಯ ಉದ್ದನೆ ಪಟ್ಟಿಗೆ ಹುಣಸೆ ಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಕಡೆ ಬಳಿಯುತ್ತಿದ್ದರು. ಒಣಗಿದರೆ ಬಟ್ಟೆ ಸ್ಲೇಟಿನಂತೆ ಕಪ್ಪಗೆ, ಗಟ್ಟಿಯಾಗುತ್ತಿತ್ತು. ಅದನ್ನು ಕತ್ತರಿಸದೆ ಹಿಂದಕ್ಕೆ ಮುಂದಕ್ಕೆ ಮಡಚಿ ಪುಸ್ತಕ ಮಾಡಿ, ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಶಾನುಭೋಗರ ಲೆಕ್ಕ, ಅಂಗಡಿಯವರ ಲೆಕ್ಕ ಎಲ್ಲ ಇದರಲ್ಲೇ. ಶೃಂಗೇರಿ ಮಠದ ಹಳೆಯ ದಾಖಲೆಗಳಲ್ಲಿ ಇಂಥ ಕಡತಗಳು ಉಳಿದಿವೆ.

ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸದ ಪುಸ್ತಕದಲ್ಲಿ ಕಡತವನ್ನು ವಿವರಿಸಿದ್ದಾನೆ. ಅವನು ಕೊಡುವ ಅಳತೆ: ಅಗಲ 8 ಇಂಚಿನಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಅವನು ಗಮನಿಸಿದ ಇನ್ನೊಂದು ಸಂಗತಿ ನಮಗೆ ಇಲ್ಲಿ ಮುಖ್ಯ. ಬಟ್ಟೆಯನ್ನು ಎಲ್ಲೂ ಕತ್ತರಿಸದೆ ಎಲ್ಲ ಮಡಿಕೆಯೂ ಒಂದೇ ಅಳತೆಗೆ ಬರುವಂತೆ ಮಡಚುತ್ತಿದ್ದರು. ಎರಡು ತುದಿಗೆ ಬಣ್ಣ ಬಳಿದ ಮರದ ಹಲಗೆ ಕೂರಿಸುತ್ತಿದ್ದರು.

ಹದಿನೆಂಟು ಅಡಿ ಬಟ್ಟೆಯನ್ನು ಮಡಚುವಾಗ ಪ್ರತಿ ಮಡಿಕೆಯಲ್ಲೂ ಒಂದು ನೂಲಿನಷ್ಟು ತಪ್ಪಿದರೆ ಕೊನೆಗೆ ಹಲಗೆ ಕೂರುವುದಿಲ್ಲ. ಯಾರೋ ಅಳೆದು, ಕಣ್ಣಂದಾಜಿಗೆ ಕೈ ಪಳಗಿಸಿಕೊಂಡು ಇದನ್ನು ಮಾಡುತ್ತಿದ್ದರು. ಕಡತದೊಳಗೆ ಗೌಡರ, ಶಾನುಭೋಗರ, ದೊರೆಗಳ ಹೆಸರಿದೆ. ಅದನ್ನು ಮಡಚಿದವರ ಹೆಸರಿಲ್ಲ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಕುಟ್ಟಿ ಸರಿ ಕಾಯಿಸಿದವರ ಹೆಸರಂತೂ ಇಲ್ಲವೇ ಇಲ್ಲ. ಕಾಗದದ ಕತೆಯಲ್ಲೂ ಇದೇ ಮುಂದುವರಿಯುತ್ತದೆ.

ಮದ್ರಾಸಿನ ಪುಸ್ತಕ, ಜರ್ಮನಿಯ ಆಟ

ಮಕ್ಕಳಿಗೆ ಕಾಗದ ಮಡಚುವುದನ್ನು ಪಾಠವಾಗಿ ಕೊಟ್ಟವರು ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್. ಇವತ್ತು ಪೇಟೆಯ ಕಾನ್ವೆಂಟುಗಳಲ್ಲಿ ಕಿಂಡರ್‌ಗಾರ್ಟನ್ ಅನ್ನುತ್ತಾರಲ್ಲ, ಆ ಹೆಸರನ್ನು 1840ರಲ್ಲಿ ಇಟ್ಟವರೂ ಅವರೇ. ಮಕ್ಕಳ ಕೈಗೆ ಚೆಂಡು, ಮರದ ತುಂಡು, ಬಣ್ಣದ ಕಾಗದ ಕೊಟ್ಟು ಆಡುತ್ತ ಕಲಿಯಲಿ ಅನ್ನುವುದು ಅವರ ದಾರಿ. ಆ ಬಣ್ಣದ ಕಾಗದ ಹಡಗಿನಲ್ಲಿ ನಮ್ಮ ದೇಶಕ್ಕೂ ಬಂತು.

ಅದು ದಕ್ಷಿಣ ಭಾರತದ ಟಿ. ಸುಂದರ ರಾವ್ ಎಂಬುವರ ಕಣ್ಣಿಗೆ ಬಿತ್ತು. ಮಕ್ಕಳ ಆಟದ ಈ ಇನ್ನೂರು ಚೌಕದ ಪೊಟ್ಟಣ ನೋಡಿ ಅವರಿಗೆ ಇದರಲ್ಲಿ ರೇಖಾಗಣಿತ ಕಲಿಸಬಹುದಲ್ಲ ಅನ್ನಿಸಿತು. 1893ರಲ್ಲಿ ಮದ್ರಾಸಿನಲ್ಲಿ ಅವರ ಇಂಗ್ಲಿಷ್ ಪುಸ್ತಕ ಪ್ರಕಟವಾಯಿತು. ಕೈವಾರ ಇಲ್ಲದೆ ಬರೀ ಮಡಚಿಯೇ ಚೌಕ, ಸಮಬಾಹು ತ್ರಿಕೋನ, ಐದು ಮೂಲೆಯ ಆಕೃತಿ ಮಾಡುವುದು ಹೇಗೆ ಅನ್ನುವುದು ಅದರ ವಿಷಯ. ಎರಡೇ ವರ್ಷದಲ್ಲಿ ಜರ್ಮನಿಯ ಹೆಸರಾಂತ ಗಣಿತಜ್ಞ ಫೆಲಿಕ್ಸ್ ಕ್ಲೈನ್ ತಮ್ಮ ಪುಸ್ತಕದಲ್ಲಿ ಅದನ್ನು ಹೆಸರಿಸಿದರು. 1901ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಅದು ಮತ್ತೆ ಅಚ್ಚಾಯಿತು. ಇಂದಿಗೂ ಜನ ಓದುತ್ತಾರೆ.

ಜರ್ಮನಿಯಿಂದ ಆಟವಾಗಿ ಬಂದ ಕಾಗದ, ಮದ್ರಾಸಿನಿಂದ ಗಣಿತವಾಗಿ ವಾಪಸ್ ಹೋಯಿತು. ನಮ್ಮ ಶಾಲೆಗಳಲ್ಲಿ ಮಾತ್ರ ಕಾಗದ ಮಡಚುವುದು ಇನ್ನೂ "ಟೈಂಪಾಸ್" ಆಗಿಯೇ ಉಳಿದಿದೆ. ಹುಡುಗನ ರೆಕ್ಕೆಯನ್ನೇ ನೋಡಿ. 10, 9, 8, 7 ಹೀಗೆ 1ರವರೆಗೆ ಕೂಡಿದರೆ 55 ಯಾಕೆ ಬರುತ್ತದೆ ಅನ್ನುವುದನ್ನು ಸೂತ್ರ ಬಾಯಿಪಾಠ ಮಾಡದೆಯೇ ಕಣ್ಣಲ್ಲಿ ನೋಡಬಹುದು. ಎರಡು ರೆಕ್ಕೆಯನ್ನು ಒಂದಕ್ಕೊಂದು ತಲೆಕೆಳಗಾಗಿ ಇಟ್ಟರೆ ಪ್ರತಿ ಸಾಲಿನಲ್ಲೂ 11 ತುಂಡು, ಅಂಥ 10 ಸಾಲು. ಒಟ್ಟು 110, ಅದರ ಅರ್ಧ 55.

ಬಿಡಿ ತುಂಡಿನ ಕಟ್ಟಡ ಶುರುವಾದದ್ದು

ಹಲವು ಕಾಗದ ಸೇರಿಸಿ ಒಂದು ವಸ್ತು ಮಾಡುವ ಪದ್ಧತಿಯ ಹಳೆಯ ಗುರುತು ಜಪಾನಿನಲ್ಲಿದೆ. 1734ರಲ್ಲಿ ಅಲ್ಲಿ ಮನೆಯ ಬಾಗಿಲ ಮೇಲಿನ ಕೆತ್ತನೆಗೆ ಬೇಕಾದ ಚಿತ್ರಗಳ ಒಂದು ಪುಸ್ತಕ ಬಂತು, ರಾನ್ಮಾ ಜುಶಿಕಿ ಅಂತ ಹೆಸರು. ಬಡಗಿಗಳಿಗೆ ಮಾದರಿ ತೋರಿಸುವ ಪುಸ್ತಕ ಅದು. ಅದರ ಒಂದು ಚಿತ್ರದಲ್ಲಿ ಕಾಗದದ ಕೊಕ್ಕರೆ, ದೋಣಿಗಳ ನಡುವೆ ಒಂದು ಕಾಗದದ ಡಬ್ಬಿಯೂ ಇದೆ. ಆರು ಕಾಗದ ಮಡಚಿ ಸೇರಿಸಿ ಮಾಡುವ ಡಬ್ಬಿ ಅದು. ಮಡಚಿದವರು ಯಾರು ಅಂತ ಚಿತ್ರದಲ್ಲಿಲ್ಲ.

ಆಮೇಲೆ ಬಹಳ ಕಾಲ ಈ ಪದ್ಧತಿ ಹಿಂದೆ ಉಳಿಯಿತು. ಒಂದೇ ಹಾಳೆ, ಕತ್ತರಿ ಬೇಡ, ಅಂಟು ಬೇಡ ಅನ್ನುವ ಒರಿಗಾಮಿಗೇ ಹೆಚ್ಚು ಮರ್ಯಾದೆ. ಆ ಕಲೆಯನ್ನು ಜಗತ್ತಿಗೆ ಹರಡಿದವರಲ್ಲಿ ಅಕಿರಾ ಯೋಶಿಜಾವಾ ದೊಡ್ಡ ಹೆಸರು. ಚುಕ್ಕೆ ಗೆರೆ ಹಾಕಿದರೆ ಹೀಗೆ ಮಡಚು, ಬಾಣದ ಗುರುತು ಹಾಕಿದರೆ ಹಾಗೆ ತಿರುಗಿಸು ಅನ್ನುವ ಚಿತ್ರಭಾಷೆಯನ್ನು ಅವರು 1954ರ ಪುಸ್ತಕದಲ್ಲಿ ಕೊಟ್ಟರು. ಜಪಾನಿ ಅಕ್ಷರ ಬಾರದವರೂ ಆ ಚಿತ್ರ ನೋಡಿ ಮಡಚಬಹುದಾಯಿತು. ನಮ್ಮ ಹುಡುಗ ಫೋನಿನಲ್ಲಿ ಮಾತೇ ಇಲ್ಲದ ವಿಡಿಯೋ ನೋಡಿ ಕಲಿಯುವುದರ ಹಿಂದೆ ಇರುವುದೂ ಈ ದಾರಿಯೇ.

1960-70ರ ದಶಕಗಳಲ್ಲಿ ಬಿಡಿ ತುಂಡಿನ ಪದ್ಧತಿ ಮತ್ತೆ ಎದ್ದಿತು. ಮಿತ್ಸುನೊಬು ಸೊನೊಬೆ ಎಂಬ ಜಪಾನಿ ಕಲಾವಿದರ ಹೆಸರಿನ ತುಂಡು ಹೆಸರುವಾಸಿಯಾಯಿತು. ಅದಕ್ಕೂ ಎರಡು ಮೂತಿ, ಎರಡು ಜೇಬು. ಆರು ಸೇರಿಸಿದರೆ ಡಬ್ಬಿ, 12 ಸೇರಿಸಿದರೆ ನಕ್ಷತ್ರ, 30 ಸೇರಿಸಿದರೆ ಮುಳ್ಳಿನ ಚೆಂಡು. ಇವೆಲ್ಲ ಗಣಿತದ ಆಕೃತಿಗಳು. ಇದರಲ್ಲಿ ಹಕ್ಕಿ, ಹಡಗು, ವಿಮಾನದಂಥ ಬಾಗು ಬಳುಕಿನ ವಸ್ತು ಮಾಡುವುದು ಕಷ್ಟ. ಅದಕ್ಕೆ ಸಣ್ಣ ತ್ರಿಕೋನದ ತುಂಡು ಬೇಕಿತ್ತು. ಆ ತುಂಡು ಹೊರಜಗತ್ತಿಗೆ ಗೊತ್ತಾದದ್ದು ಒಂದು ಜೈಲಿನಿಂದ.

ಜೈಲಿನಲ್ಲಿ ಹುಟ್ಟಿದ ಹದ್ದುಗಳು

1993ರ ಜೂನ್ 6ರ ನಸುಕಿನಲ್ಲಿ ಗೋಲ್ಡನ್ ವೆಂಚರ್ ಎಂಬ ಹಳೆಯ ಸರಕು ಹಡಗು ಅಮೆರಿಕದ ನ್ಯೂಯಾರ್ಕ್ ಬಳಿ ಮರಳಿನಲ್ಲಿ ಸಿಕ್ಕಿಕೊಂಡಿತು. ಹಡಗಿನ ಹೊಟ್ಟೆಯಲ್ಲಿ 286 ಜನ. ಹೆಚ್ಚಿನವರು ಚೀನಾದ ಫುಜಿಯಾನ್ ಪ್ರಾಂತ್ಯದವರು. ದಲ್ಲಾಳಿಗಳಿಗೆ ದೊಡ್ಡ ಮೊತ್ತದ ಸಾಲ ಬಿದ್ದು, ಕಾಗದಪತ್ರ ಇಲ್ಲದೆ ದುಡಿಯಲು ಹೊರಟಿದ್ದರು. ದಡ ಕಾಣುತ್ತಲೇ ತಣ್ಣನೆ ನೀರಿಗೆ ಹಾರಿದರು. ಹತ್ತು ಜನ ಸತ್ತರು. ಉಳಿದವರನ್ನು ಸರ್ಕಾರ ಹಿಡಿದು ಬೇರೆ ಬೇರೆ ಜೈಲಿಗೆ ಹಾಕಿತು. ಅವರಲ್ಲಿ ಒಂದು ದೊಡ್ಡ ಗುಂಪು ಪೆನ್ಸಿಲ್ವೇನಿಯಾದ ಯಾರ್ಕ್ ಕೌಂಟಿ ಜೈಲು ಸೇರಿತು.

ಅಲ್ಲಿ ಅವರಿಗೆ ಕೆಲಸವಿಲ್ಲ, ಭಾಷೆ ಬಾರದು, ಬಿಡುಗಡೆ ಯಾವಾಗ ಅಂತ ತಿಳಿಯದು. ಸಿಕ್ಕಿದ್ದು ಹಳೆಯ ಮ್ಯಾಗಜಿನ್, ವಕೀಲರ ಹಳದಿ ಹಾಳೆ, ಶೌಚಾಲಯದ ಕಾಗದ. ಊರಲ್ಲಿ ಕಲಿತಿದ್ದ ಮಡಿಕೆ ಕೈಯಲ್ಲಿತ್ತು. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಕಲಿಸಿದರು. ಸಣ್ಣ ತ್ರಿಕೋನಗಳನ್ನು ಸಾವಿರಗಟ್ಟಲೆ ಮಡಚಿ ಒಂದರೊಳಗೊಂದು ಸಿಕ್ಕಿಸಿದರು. ಹದ್ದು, ಪಂಜರದ ಹಕ್ಕಿ, ಹಡಗು, ಗೋಪುರ ಎದ್ದು ನಿಂತವು. ಮೊದಲು ತಮಗಾಗಿ ವಾದಿಸುತ್ತಿದ್ದ ವಕೀಲರಿಗೆ, ನೆರವಾದ ಊರಿನವರಿಗೆ ಕೃತಜ್ಞತೆಗೆ ಕೊಟ್ಟರು. ಆಮೇಲೆ ಅವನ್ನು ಮಾರಿ ಕೇಸಿನ ಖರ್ಚಿಗೆ ಹಣ ಎತ್ತಿದರು. ಸುಮಾರು ನಾಲ್ಕು ವರ್ಷದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕಲಾಕೃತಿಗಳು ಆ ಜೈಲಿನಿಂದ ಹೊರಬಂದವು. ಮ್ಯೂಸಿಯಂಗಳಲ್ಲಿ ಪ್ರದರ್ಶನ ಆದವು.

ಮಾಡಿದ ಹಕ್ಕಿಗಳು ಹೊರಗೆ ಹೋಗುತ್ತಿದ್ದವು, ಮಾಡಿದವರು ಒಳಗಿದ್ದರು. ಹಲವರನ್ನು ಚೀನಾಕ್ಕೆ ವಾಪಸ್ ಕಳಿಸಲಾಯಿತು. ಕೊನೆಗೆ ಉಳಿದಿದ್ದ ಐವತ್ತಕ್ಕೂ ಹೆಚ್ಚು ಜನರನ್ನು 1997ರ ಫೆಬ್ರವರಿಯಲ್ಲಿ ಅಧ್ಯಕ್ಷ ಕ್ಲಿಂಟನ್ ಬಿಡುಗಡೆ ಮಾಡಿದರು.

ಇಂದಿಗೂ ಒರಿಗಾಮಿ ಬಲ್ಲವರು ಈ ತ್ರಿಕೋನದ ತುಂಡಿಗೆ ಗೋಲ್ಡನ್ ವೆಂಚರ್ ಮಡಿಕೆ ಅನ್ನುತ್ತಾರೆ. ಹಡಗಿನ ಹೆಸರು ಉಳಿಯಿತು, ಮಡಚಿದವರ ಹೆಸರು ಇಲ್ಲೂ ಇಲ್ಲ. ಮುಂದೆ ಪುಸ್ತಕಗಳು ಬಂದವು, ಅಂತರ್ಜಾಲ ಬಂತು, ಹಂಸ, ನವಿಲು, ಹೂಕುಂಡ, ವಿಮಾನದ ವಿಡಿಯೋಗಳು ಬಂದವು. ಹಾಗೆ ಬರುತ್ತ ಬರುತ್ತ ಆ ಮಡಿಕೆ ಗೌಡಗೆರೆಯ ಜಗಲಿಗೂ ಬಂದು ಕೂತಿತು. ಹುಡುಗನ ಚಾಪೆಯ ಮೇಲೆ ಬಿದ್ದಿದ್ದ ತುಂಡು ಇದೇ.

ಬೆಂಗಳೂರಿಗೆ ಗಾರೆ ಕೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗಿ ಬರುವ ಮಂದಿ ನಮ್ಮ ಪ್ರತಿ ಊರಲ್ಲೂ ಇದ್ದಾರೆ. ಸಾಲ ಮಾಡಿ ದುಡಿಯಲು ದೂರ ಹೋಗುವುದು ಅಂದರೇನು ಅಂತ ಅವರಿಗೆ ಗೊತ್ತು. ಅದಕ್ಕೇ ಈ ಹಡಗಿನ ಕತೆ ಓದಿದಾಗ ನನಗೆ ಅದು ದೂರದ ದೇಶದ ಕತೆ ಅನ್ನಿಸಲಿಲ್ಲ.

ನಿಜವಾದ ವಿಮಾನವೂ ತುಂಡುಗಳದ್ದೇ

ಈಗ ಕಾಗದ ಬಿಟ್ಟು ಲೋಹದ ವಿಮಾನಕ್ಕೆ ಬರೋಣ. ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಮೈಸೂರು ಸಂಸ್ಥಾನ ಜಮೀನು ಕೊಟ್ಟಿತು, ಬಂಡವಾಳವನ್ನೂ ಹಾಕಿತು. ಅದೇ ಇಂದಿನ ಎಚ್‌ಎಎಲ್. 1941ರ ಆಗಸ್ಟ್‌ನಲ್ಲಿ ಅಲ್ಲಿಂದ ಮೊದಲು ಹಾರಿದ್ದು ಹಾರ್ಲೋ ಎಂಬ ತರಬೇತಿ ವಿಮಾನ. ಅದು ನಮ್ಮ ವಿನ್ಯಾಸವಲ್ಲ. ಅಮೆರಿಕದಿಂದ ಬಂದ ಬಿಡಿಭಾಗಗಳನ್ನು ಇಲ್ಲಿ ಜೋಡಿಸಿದ್ದು. ನಮ್ಮ ದೇಶದ ವಿಮಾನ ಕಾರ್ಖಾನೆಯ ಮೊದಲ ಪಾಠವೂ ಜೋಡಿಸುವುದೇ ಆಗಿತ್ತು.

ಹತ್ತು ವರ್ಷದ ನಂತರ, 1951ರ ಆಗಸ್ಟ್‌ನಲ್ಲಿ ಎಚ್‌ಟಿ-2 ಹಾರಿತು. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಇಲ್ಲೇ ವಿನ್ಯಾಸವಾದ, ಇಬ್ಬರು ಕೂರುವ ತರಬೇತಿ ವಿಮಾನ ಅದು. ಮೊದಲು ಬೇರೆಯವರ ತುಂಡು ಜೋಡಿಸಿ, ಆಮೇಲೆ ತಮ್ಮದೇ ತುಂಡು ಮಾಡಿದರು. ಹುಡುಗರು ಕಲಿಯುವುದೂ ಹೀಗೇ. ಮೊದಲು ವಿಡಿಯೋ ನೋಡಿ ಅದೇ ವಿಮಾನ, ಆಮೇಲೆ ರೆಕ್ಕೆ ಸ್ವಲ್ಪ ಹಿಂದಕ್ಕೆ ಇಟ್ಟರೆ ಹೇಗೆ ಅನ್ನುವ ಸ್ವಂತ ಬುದ್ಧಿ.

ಈಗ ಎಚ್‌ಎಎಲ್ ನಮ್ಮ ಜಿಲ್ಲೆಗೇ ಬಂದಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಪ್ರಧಾನಿ ನರೇಂದ್ರ ಮೋದಿ 2016ರ ಜನವರಿ 3ರಂದು ಶಂಕುಸ್ಥಾಪನೆ ಮಾಡಿದರು, 2023ರ ಫೆಬ್ರವರಿ 6ರಂದು ಅವರೇ ಉದ್ಘಾಟಿಸಿದರು. ಅಲ್ಲಿ ಮೊದಲು ತಯಾರಿಸಲು ಗೊತ್ತು ಮಾಡಿದ್ದು ಮೂರು ಟನ್ ವರ್ಗದ ಹಗುರ ಹೆಲಿಕಾಪ್ಟರ್.

ವಿಮಾನ, ಹೆಲಿಕಾಪ್ಟರುಗಳ ಒಳಗೆ ಕಾಗದದ ಜಾತಿಯ ವಸ್ತುವೇ ಇದೆ ಅಂದರೆ ನಂಬುತ್ತೀರಾ? ಮದುವೆ ಚಪ್ಪರದಲ್ಲಿ, ಹುಟ್ಟುಹಬ್ಬದಲ್ಲಿ ಬಣ್ಣದ ಕಾಗದದ ಗುಂಡು ತೂಗುಹಾಕುತ್ತಾರಲ್ಲ, ಮಡಚಿದ್ದಾಗ ಚಪ್ಪಟೆ, ಬಿಚ್ಚಿದರೆ ಜೇನುಗೂಡಿನಂತೆ ಅರಳುವುದು, ಅದೇ ಉಪಾಯ. ಬೆಂಕಿಗೆ ಜಗ್ಗದ ವಿಶೇಷ ನಾರಿನ ಕಾಗದವನ್ನು ಜೇನುಗೂಡಿನಂತೆ ಮಾಡಿ, ಎರಡು ತೆಳು ಹಾಳೆಗಳ ನಡುವೆ ಅಂಟಿಸುತ್ತಾರೆ. ವಿಮಾನದ ನೆಲದ ಹಲಗೆ, ಬಾಗಿಲು, ಹೆಲಿಕಾಪ್ಟರಿನ ಮೈಗೆ ಇಂಥದ್ದನ್ನು ಬಳಸುತ್ತಾರೆ. ತೂಕ ಕಡಿಮೆ, ಗಟ್ಟಿ ಜಾಸ್ತಿ. ತೆಳು ಕಾಗದ ಮಡಚಿದ ಮೇಲೆ ಯಾಕೆ ಗಟ್ಟಿಯಾಗುತ್ತದೆ ಅನ್ನುವುದಕ್ಕೆ ಹುಡುಗನ ತುಂಡನ್ನೇ ಬೆರಳಲ್ಲಿ ಒತ್ತಿ ನೋಡಿ. ಬಿಡಿ ಹಾಳೆ ಬಾಗುತ್ತದೆ, ಮಡಚಿದ ತುಂಡು ಎದುರು ನಿಲ್ಲುತ್ತದೆ.

ಇನ್ನೊಂದು ಪಾಠ ಅಳತೆಯದ್ದು. ಒಂದು ತುಂಡಿನಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಕಾಣುವುದಿಲ್ಲ. 12 ಸಾಲಿನಲ್ಲೂ ಅದೇ ಕಡೆಗೆ ತಪ್ಪಿದರೆ ವಿಮಾನದ ಮೂತಿ ಒಂದು ಸೆಂಟಿಮೀಟರಿಗಿಂತ ಹೆಚ್ಚು ಸೊಟ್ಟ. ಹುಡುಗನ ಮೊದಲ ವಿಮಾನ ಹಾಗೇ ಬಾಳೆಕಾಯಿಯಂತೆ ಬಾಗಿತ್ತು. ಯಾರೂ ಬೈಯಲಿಲ್ಲ. ಅವನೇ ಬಿಚ್ಚಿದ, ಸಡಿಲ ಮಡಚಿದ್ದ ತುಂಡುಗಳನ್ನು ಆರಿಸಿ ತೆಗೆದ, ಉಗುರಿನಲ್ಲಿ ಗೀರಿ ಮತ್ತೆ ಮಡಚಿದ. ಕಾರ್ಖಾನೆಯಲ್ಲಿ ಇದಕ್ಕೆ ತಪಾಸಣೆ ಅನ್ನುತ್ತಾರೆ. ಅಲ್ಲಿ ತಪ್ಪಿದ ತುಂಡು ದಾಟಿ ಹೋದರೆ ಒಂದು ಜೀವದ ಪ್ರಶ್ನೆ.

ನಮ್ಮ ಮಕ್ಕಳು ಗುಬ್ಬಿಯ ಆ ಗೇಟಿನೊಳಗೆ ಕೆಲಸಗಾರರಾಗಿ, ಎಂಜಿನಿಯರುಗಳಾಗಿ ಹೋಗಬೇಕಾದರೆ ಐಟಿಐ, ಡಿಪ್ಲೊಮಾ ಬೇಕು, ನಿಜ. ಅದಕ್ಕಿಂತ ಮುಂಚೆ ಈ ಬಿಚ್ಚಿ ಮತ್ತೆ ಮಡಚುವ ತಾಳ್ಮೆ ಬೇಕು. ಅದು ಪುಸ್ತಕದಿಂದ ಬರುವುದಿಲ್ಲ. ಶಾಲೆಯ ಪ್ರಾಜೆಕ್ಟ್ ಅಂತ ಪೇಟೆಯಿಂದ ರೆಡಿಮೇಡ್ ಥರ್ಮಾಕೋಲ್ ವಿಮಾನ ತಂದು, ಅಪ್ಪ ಹೆಸರು ಬರೆದು, ಮಗ ಮಾರ್ಕ್ಸ್ ತಗೊಳ್ಳುವುದರಿಂದಲೂ ಬರುವುದಿಲ್ಲ. ಜೆರಾಕ್ಸ್ ಅಂಗಡಿಯ ಹನ್ನೊಂದು ರದ್ದಿ ಹಾಳೆಗೆ ಖರ್ಚೇನೂ ಇಲ್ಲ.

ಅಜ್ಜಿಯ ಕೈ

ಮೂರನೇ ದಿನ ಸಂಜೆ ಹುಡುಗನಿಗೆ ಬೇಜಾರಾಗಿತ್ತು. ಇನ್ನೂ ನಲವತ್ತು ತುಂಡು ಬಾಕಿ. ಅಜ್ಜಿ ಮೊರ ಪಕ್ಕಕ್ಕಿಟ್ಟು, "ತತ್ತಾ ಇಲ್ಲಿ, ಹೆಂಗೆ ತೋರ್ಸು" ಅಂದರು. ಅವನು ಎರಡು ಸಲ ತೋರಿಸಿದ. ಮೂರನೆಯದನ್ನು ಅವರೇ ಮಡಚಿದರು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಅವರ ಕೈ ಅವನಿಗಿಂತ ಮುಂದಿತ್ತು. ಅವರ ಮಡಿಕೆಗಳು ಅವನದಕ್ಕಿಂತ ಚೂಪಾಗಿದ್ದವು.

ನನಗೆ ಆಗ ನೆನಪಾಯಿತು. ಅಜ್ಜಿ ವಯಸ್ಸಿನಲ್ಲಿದ್ದಾಗ ಮದುವೆ, ತಿಥಿ, ಜಾತ್ರೆಯ ಊಟಕ್ಕೆ ಮುತ್ತುಗದ ಎಲೆ ಹಚ್ಚುತ್ತಿದ್ದವರು. ಐದಾರು ಎಲೆ ದುಂಡಗೆ ಜೋಡಿಸಿ, ಸಂದಿಯಲ್ಲಿ ಸಣ್ಣ ಕಡ್ಡಿ ಚುಚ್ಚಿ ಹಚ್ಚಿದರೆ ಬಿಸಿ ಸಾರು ಬಡಿಸಿದರೂ ಸೋರುತ್ತಿರಲಿಲ್ಲ. ರಾತ್ರಿಯೆಲ್ಲ ಹೆಂಗಸರು ಕೂತು ನೂರಾರು ಎಲೆ ಹಚ್ಚುತ್ತಿದ್ದರು. ಬೆಳಿಗ್ಗೆ ಉಂಡು ಮಡಚಿ ಎಸೆದರೆ ಮುಗಿಯಿತು. ಯಾರು ಹಚ್ಚಿದ್ದು ಅಂತ ಕೇಳಿದವರಿಲ್ಲ. ಪ್ಲಾಸ್ಟಿಕ್ ತಟ್ಟೆ ಬಂದ ಮೇಲೆ ಆ ಕೆಲಸವೂ ಹೋಯಿತು. ಅದೂ ಸಣ್ಣ ತುಂಡುಗಳನ್ನು ಅಂಟಿಲ್ಲದೆ ಸೇರಿಸಿ ದೊಡ್ಡದು ಮಾಡುವ ಕಸುಬೇ ಆಗಿತ್ತು.

ಆ ರಾತ್ರಿ ವಿಮಾನ ಮುಗಿಯಿತು. ರೆಕ್ಕೆಯ ಮೇಲೆ ಜೆರಾಕ್ಸ್ ಹಾಳೆಯ ಅಕ್ಷರಗಳ ಚೂರುಗಳು ಕಾಣುತ್ತಿದ್ದವು, ಯಾರದೋ ಅರ್ಜಿ, ಯಾರದೋ ಪಹಣಿ. ಟಿವಿ ಮೇಲೆ ಇಡೋಣ ಅಂದ ಹುಡುಗ. ಅಜ್ಜಿ ಅದನ್ನು ಕೈಯಲ್ಲಿ ಎತ್ತಿ ತಿರುಗಿಸಿ ನೋಡಿದರು. ಹಾರುತ್ತಾ ಅಂತ ಈ ಸಲ ಕೇಳಲಿಲ್ಲ. ಎಡಗಡೆ ರೆಕ್ಕೆಯ ಮೂರನೇ ಸಾಲಿನಲ್ಲಿ ಒಂದು ತುಂಡು ಸ್ವಲ್ಪ ಎದ್ದಿತ್ತು. ಹೆಬ್ಬೆರಳಿನಲ್ಲಿ ಒತ್ತಿ ಕೂರಿಸಿದರು.

"ಇದರ ಅಡಿಗೆ ನಿನ್ನ ಹೆಸರು ಬರಿ" ಅಂದೆ ಹುಡುಗನಿಗೆ.

ಅವನು ಪೆನ್ನು ತಂದು ತನ್ನ ಹೆಸರು ಬರೆದ. ಆಮೇಲೆ ಒಂದು ಗಳಿಗೆ ಯೋಚನೆ ಮಾಡಿ ಅದರ ಪಕ್ಕದಲ್ಲಿ ಅಜ್ಜಿಯ ಹೆಸರನ್ನೂ ಬರೆದ.